ನೀಲವ್ವನನ್ನು ಎಲೆತೋಟಕ್ಕೆ ಕಳಿಸಿದ ವರ್ಷ

ಮೊನ್ನೆ ಬೆಳಿಗ್ಗೆ ಕೂಸಿನ ಹೊಟ್ಟೆನೋವಿಗೆಂದು ಮನೆಯ ಸೊಸೆ ಒಲೆಯ ಮೇಲೆ ಅಜವಾನ ಹುರಿದಳು. ಅದರ ಘಾಟು ಪಡಸಾಲೆಗೆ ಬಂದದ್ದೇ ತಡ, ನಾನು ಚಹಾದ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟು ಹೊರಗೆ ಕಟ್ಟೆಗೆ ಹೋಗಿ ಕುಳಿತೆ. "ಯಾಕ್ರಿ ದೊಡ್ಡವ್ವಾರ, ವಾಸನಿ ತಡ್ಯಾಕ ಆಗವಲ್ದೇನ್ರಿ?" ಎಂದು ಒಳಗಿನಿಂದ ಕೇಳಿದಳು. "ಹೊಗಿ ಆತವಾ" ಎಂದೆ. ಐವತ್ತು ವರ್ಷ ಹಸಿ ಕಟ್ಟಿಗೆ ಊದಿದವಳು ಹೊಗೆಗೆ ಹೆದರುತ್ತೇನೆಯೇ? ಆದರೆ ಹಾನಗಲ್ಲಿನ ಈ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು ನಾನು, ಹಾಗಾಗಿ ಯಾರೂ ಎದುರು ಮಾತಾಡಲಿಲ್ಲ.

ಆ ವಾಸನೆಗೆ ನನಗೆ ನೆನಪಾಗುವುದು ನೀಲವ್ವ, ನನ್ನ ನೆಗೆಣ್ಣಿ, ಎಂದರೆ ನನ್ನ ಮೈದುನ ಈರಪ್ಪನ ಹೆಂಡತಿ. ಅವಳ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟ ಒಂದು ವರ್ಷ. ಅಪ್ಪ ಹಿರೇಕೆರೂರಿನಲ್ಲಿ ಮಾಸ್ತರರಾಗಿದ್ದರಿಂದ ನನಗೆ ಓದುಬರಹ ಬರುತ್ತದೆ. ಬಾಯಿಂದ ಹೇಳಲಾರದ್ದನ್ನು ಬರೆದಾದರೂ ಬಿಡೋಣವೆಂದು ಕುಳಿತಿದ್ದೇನೆ.

ನನ್ನನ್ನು ಕೊಟ್ಟದ್ದು ಸವಣೂರಿನ ಸಮೀಪದ ಒಂದು ಹಳ್ಳಿಗೆ. ಮನೆಗೆ ಒಂದಿಷ್ಟು ಎರೆಹೊಲ, ಊರ ಹೊರಗೊಂದು ವೀಳ್ಯದ ಎಲೆತೋಟ. ಸವಣೂರ ಎಲೆಯೆಂದರೆ ಆಗ ಪುಣೆ, ಮುಂಬಯಿಯವರೂ ಬಾಯಿ ಬಿಡುತ್ತಿದ್ದರು. ನಮ್ಮ ಎಲೆಯ ಬುಟ್ಟಿಗಳು ಬಂಡಿಯಲ್ಲಿ ಯಲವಿಗಿ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ರೈಲು ಹತ್ತುತ್ತಿದ್ದವು. ಅತ್ತೆಗೆ ಎಲೆಬಳ್ಳಿಯೆಂದರೆ ಸಾಕ್ಷಾತ್ ಲಕ್ಷ್ಮಿ. ಮೆಟ್ಟು ಹಾಕಿಕೊಂಡು ಯಾರೂ ತೋಟದೊಳಗೆ ಕಾಲಿಡುವಂತಿಲ್ಲ, ಬೇಲಿಯ ಹೊರಗೇ ಕಳಚಿಟ್ಟು ಕೈಮುಗಿದು ಹೋಗಬೇಕು. ಮುಟ್ಟಾದ ಹೆಂಗಸಂತೂ ಆ ದಿಕ್ಕಿಗೇ ಸುಳಿಯುವಂತಿಲ್ಲ. ಒಳಗೆ ಚೊಗಚಿ, ನುಗ್ಗೆ ಮರಗಳಿಗೆ ಬಳ್ಳಿ ಹಬ್ಬಿ ಮಟಮಟ ಮಧ್ಯಾಹ್ನವೂ ಮಬ್ಬು, ನೆಲ ವರ್ಷವಿಡೀ ಹಸಿ. ಇನ್ನು ಬೆಳಗಿನ ಜಾವ ಊರಿನ ಅರ್ಧ ಜನ ಹೊರಕಡೆಗೆ ಹೋಗಲು ಹುಡುಕುತ್ತಿದ್ದದ್ದು ಅದೇ ತೋಟದ ಬೇಲಿಯ ಮರೆಯನ್ನು. ಅದಕ್ಕೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ. ಗೊಬ್ಬರ ಆಯಿತಲ್ಲ ಎಂದು ಎಲ್ಲರೂ ಸುಮ್ಮನಿದ್ದರು.

ಎರಡನೆಯ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿರಬೇಕು, ಬೇಸಿಗೆಯಲ್ಲಿ ಶಿಗ್ಗಾವಿ ಕಡೆಯಿಂದ ನೀಲವ್ವ ಮದುವೆಯಾಗಿ ಬಂದಳು. ನನಗಾಗ ಮದುವೆಯಾಗಿ ಏಳು ವರ್ಷ, ಮಡಿಲು ಖಾಲಿ. "ಇನ್ನೊಂದು ವರ್ಷ ನೋಡತೇನಿ. ಇಲ್ಲಾಂದ್ರ ನನ್ನ ಮಗಗ ಇನ್ನೊಂದು ಹೆಣ್ಣ ತರತೇನಿ" ಎಂದು ಅತ್ತೆ ನನ್ನ ಕಿವಿಗೆ ಬೀಳುವ ಹಾಗೆಯೇ ನೆರೆಯವರ ಮುಂದೆ ಹೇಳುತ್ತಿದ್ದರು. ಹಾಗಿದ್ದಾಗ ಈ ಹುಡುಗಿ ಬಂದಳು. ಹದಿನೆಂಟು ವರ್ಷ, ಗುಂಡುಗುಂಡಗೆ ಕೆಂಪಗೆ, ಸೊಂಟ ದಾಟುವ ಜಡೆ. ಬಂದ ಎಂಟು ದಿನಕ್ಕೆ ಮನೆಯ ನಾಯಿಯೂ ಅವಳ ಹಿಂದೆ ಓಡಾಡಹತ್ತಿತು. ಏಳು ವರ್ಷದಲ್ಲಿ ಒಂದು ಸಲವೂ ನನ್ನ ತಲೆ ಮುಟ್ಟದ ಅತ್ತೆ ಅವಳನ್ನು ಮುಂದೆ ಕೂಡಿಸಿಕೊಂಡು ಎಣ್ಣೆ ಹಚ್ಚಿ ಬಾಚುತ್ತಿದ್ದರು.

ಅದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾರದ್ದು ರೊಟ್ಟಿಯ ಮಾತು. ಒಂದು ದಿನ ನಮ್ಮವರು ಊಟಕ್ಕೆ ಕುಳಿತವರು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, "ಯಾರ ಬಡದಾರ ಇದನ್ನ? ಹಾಳಿ ಆದಂಗ ಆಗೈತಿ" ಎಂದರು. ಬಡಿದವಳು ಅವಳು. ಏಳು ವರ್ಷ ನನ್ನ ಕೈರೊಟ್ಟಿ ಉಂಡ ಗಂಡಸು ಒಂದು ದಿನವೂ ರೊಟ್ಟಿಯ ಮಾತೆತ್ತಿದವರಲ್ಲ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಮಾರನೆಯ ದಿನವೇ ಅತ್ತೆಯ ಹತ್ತಿರ ಹೋಗಿ, ಮೆತ್ತಗೆ, ಅಡುಗೆಮನೆ ನಾನೇ ನೋಡಿಕೊಳ್ಳುತ್ತೇನೆ, ಸಣ್ಣವಳ ಕೈಗುಣ ಚೆನ್ನಾಗಿದೆ, ಎಲೆ ಕೊಯ್ಯಲು ಅವಳನ್ನೇ ಕಳಿಸೋಣ, ಲಕ್ಷ್ಮಿ ಒಲಿಯುತ್ತಾಳೆ ಎಂದೆ. ಅತ್ತೆ ಹಿಗ್ಗಿದರು. ಮುಂಗಾರಿನ ಮಿರಗದ ಮಳೆ ಹಿಡಿದ ವಾರದಲ್ಲೇ ನೀಲವ್ವ ಬುಟ್ಟಿ ಹೊತ್ತು ತೋಟಕ್ಕೆ ನಡೆದಳು. ಒಲೆಯ ಮುಂದೆ ನಾನೊಬ್ಬಳೇ ಉಳಿದೆ. ಆ ದಿನ ರೊಟ್ಟಿ ಬಡಿಯುವಾಗ ನನಗಾದ ಸಂತೋಷವನ್ನು ಇನ್ನೂ ಮರೆತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಮಳೆ ಬಿಟ್ಟೂ ಬಿಡದೆ ಹೊಡೆಯಿತು. ನೀಲವ್ವ ಬೆಳಗಿನಿಂದ ಬೈಗಿನವರೆಗೆ ಆ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದಳು. ಎಂಟು ಹತ್ತು ದಿನಕ್ಕೆ ಕಾಲ್ಬೆರಳ ಸಂದಿಯಲ್ಲಿ ಗುಳ್ಳೆಯೆದ್ದು ತುರಿಕೆ ಶುರುವಾಯಿತು. ಸಂಜೆ ಬಂದು ಪಡಸಾಲೆಯ ಕಂಬಕ್ಕೆ ಪಾದ ತಿಕ್ಕುತ್ತ ನಿಂತಿರುತ್ತಿದ್ದಳು. "ಅಕ್ಕಾ, ರಗಡ ತುರಸ್ತಾವ್ರಿ" ಎಂದರೆ, "ಕೆಸರಾಗ ಇಳದವರಿಗೆಲ್ಲ ತುರಸ್ತಾವವಾ. ನೀನೇನ ಹೂವಿನ ಮ್ಯಾಲ ನಡದು ಬಂದಿಯೇನ?" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಏನೆಂದರೂ ನಗುವುದೊಂದು ಅವಳ ರೋಗ ಎಂದುಕೊಳ್ಳುತ್ತಿದ್ದೆ.

ದಸರೆ ದಾಟುವಷ್ಟರಲ್ಲಿ ಹುಡುಗಿ ಬೇರೆಯೇ ಆಗಿಬಿಟ್ಟಳು. ಕೆನ್ನೆಯ ಕೆಂಪು ಹೋಗಿ ಮೇಣದ ಬಣ್ಣ ಬಂತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕುಳಿತಲ್ಲೇ ತೂಕಡಿಸುವಳು. ಅನ್ನ ಕಂಡರೆ ಮುಖ ತಿರುಗಿಸುವಳು, ಆದರೆ ಹಿತ್ತಲಿನ ಮಣ್ಣಿನ ಗೋಡೆಗೆ ನೀರು ಚಿಮುಕಿಸಿ ಅದರ ಹೆಂಟೆ ಮುರಿದು ತಿನ್ನುವಳು. ತಿಂಗಳ ಮುಟ್ಟು ನಿಂತಿತು. ಮೈ ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದೆ ಬರಹತ್ತಿತು. ಮುಟ್ಟು ನಿಂತಿದೆ, ಮಣ್ಣು ತಿನ್ನುತ್ತಾಳೆ, ಹೊಟ್ಟೆ ಬರುತ್ತಿದೆ. ಇದನ್ನು ನೋಡಿದರೆ ಯಾವ ಅತ್ತೆಯಾದರೂ ಏನೆಂದುಕೊಳ್ಳುತ್ತಾಳೆ? ನಮ್ಮ ಅತ್ತೆ ಕಲ್ಲುಸಕ್ಕರೆ ಹಂಚಿದರು. "ಬಂದು ವರ್ಷ ತುಂಬಿಲ್ಲ, ಬಸರಾಗ್ಯಾಳ ನಮ್ಮ ನೀಲಾ! ಮಣ್ಣಿನ ಬಯಕಿ ಐತಂದ್ರ ಗಂಡ ಹುಟ್ಟತೈತಿ!"

ನನ್ನ ಸಂಕಟ ಯಾರಿಗೆ ಹೇಳಲಿ? ಅವಳನ್ನು ತೋಟದಿಂದ ಬಿಡಿಸಿ ಮನೆಯಲ್ಲಿ ಕೂಡಿಸಿದರು. ಬುಟ್ಟಿ ನನ್ನ ತಲೆಗೆ ಬಂತು. ಅವಳಿಗೆ ಹಾಲು, ಅವಳಿಗೆ ತುಪ್ಪ, ಅವಳಿಗೆ ಬಿಸಿ ಅನ್ನ. ನನ್ನ ಪಾಲಿಗೆ ಮುಟ್ಟಿನ ನಾಲ್ಕು ದಿನ ಹೊರಗೆ ಕೂರುವುದು, ಮತ್ತು ಆ ನಾಲ್ಕು ದಿನ ಅತ್ತೆಯ ಮುಖ ನೋಡುವುದು. ಬಳ್ಳಿಯ ಎಲೆ ಚಿವುಟುತ್ತ ಅವಳ ಹೊಟ್ಟೆಯನ್ನೇ ಚಿವುಟಿದ ಹಾಗೆ ಅನ್ನಿಸಿ, ಥೂ ಎಂದು ಕೈ ಕೊಡವಿಕೊಂಡದ್ದೂ ಉಂಟು. ದೇವರಲ್ಲಿ ನಾನು ಅವಳಿಗೆ ಕೆಟ್ಟದ್ದನ್ನು ಬೇಡಿಕೊಳ್ಳಲಿಲ್ಲ. ಒಳ್ಳೆಯದನ್ನೂ ಬೇಡಿಕೊಳ್ಳಲಿಲ್ಲ.

ಐದನೆಯ ತಿಂಗಳೆಂದು ಕುಬಸದ ಕಾರ್ಯ ಇಟ್ಟುಕೊಂಡರು. ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ಉಡಿಸಿ, ಕೈತುಂಬ ಬಳೆ ಇಟ್ಟು, ಐದು ಜನ ಮುತ್ತೈದೆಯರು ಆರತಿ ಮಾಡಿ ಉಡಿ ತುಂಬುತ್ತಾರೆ. ಮನೆಯ ಹಿರಿಸೊಸೆ ನಾನು, ಆರತಿಯ ತಟ್ಟೆ ನಾನೇ ಸಿದ್ಧ ಮಾಡಿದ್ದೆ. ತಟ್ಟೆ ಹಿಡಿದು ಮುಂದೆ ಬಂದಾಗ ಅತ್ತೆ ಎಲ್ಲರೆದುರಿಗೆ ನನ್ನ ಮೊಣಕೈ ಹಿಡಿದು, "ನೀ ಬ್ಯಾಡವಾ. ಮಕ್ಕಳೊಂದಿಗರು ಮಾಡ್ಲಿ. ನೀ ಒಳಗ ಹುಗ್ಗಿ ತಳಾ ಹತ್ತೇತೇನು ನೋಡ ಹೋಗು" ಎಂದರು. ಹೋದೆ. ಹುಗ್ಗಿ ತಿರುವುತ್ತ ಹೊರಗಿನ ಹಾಡು ಕೇಳುತ್ತ ನಿಂತೆ. ಕಣ್ಣೀರು ಬರಲಿಲ್ಲ. ಅವಳು ಆ ಹಸೆಯಿಂದ ಎದ್ದು ಬೀಳಬಾರದೇ ಎಂದುಕೊಂಡೆ.

ಯುಗಾದಿ ಕಳೆದು ನಾಲ್ಕೈದು ದಿನಕ್ಕೆ ನೀಲವ್ವ ಹಿತ್ತಲಿಗೆ ಬಂದು ನನ್ನ ಪಕ್ಕ ಕುಳಿತಳು. ನಾನು ಎಲೆ ಆರಿಸಿ ಕಟ್ಟು ಕಟ್ಟುತ್ತಿದ್ದೆ. ಸೆರಗಿನ ಅಂಚು ಸುತ್ತುತ್ತ ಹೇಳಿದಳು.

"ಅಕ್ಕಾ, ಕೂಸು ಅಳ್ಳಾಡತೈತಿ ಅಂತಾರಲ್ರಿ ಎಲ್ಲಾರೂ. ನನಗ ಒಂದು ದಿನಾನೂ ಅಳ್ಳಾಡಿಲ್ರಿ. ಒಳಗ ಏನೂ ಇಲ್ಲ ಅನಸ್ತೈತಿ."

ನಾನು ಎಲೆಯಿಂದ ಕಣ್ಣೆತ್ತಿ ಅವಳನ್ನು ನೋಡಿದೆ.

"ಯಾರ ಮುಂದೂ ಹೇಳಬ್ಯಾಡ್ರಿ. ಕುಬಸ ಮಾಡ್ಯಾರ. ಅತ್ತಿ ಎದಿ ಒಡಕೋತಾರ. ಹೆಂಗ ಮಾಡ್ಲೆಕ್ಕಾ?"

"ಯಾರಿಗೂ ಹೇಳೂದಿಲ್ಲ, ಹೋಗು" ಎಂದೆ. ಅವಳು ನನ್ನ ಕೈ ಒತ್ತಿ ಹೋದಳು.

ನನಗೆ ಸಂತೋಷವಾಯಿತು. ಇದಕ್ಕೆ ಬೇರೆ ಹೆಸರಿಡಲಾರೆ. ಒಂಬತ್ತು ತುಂಬಲಿ, ಹತ್ತೂ ತುಂಬಲಿ, ಕೂಸು ಬಾರದೆ ಇಡೀ ಊರು ಅತ್ತೆಯ ಬಾಗಿಲಿಗೆ ಬಂದು ಕೇಳಲಿ, ಆಗ ಹುಗ್ಗಿ ತಳ ಹತ್ತುವುದನ್ನು ನಾನು ನೋಡುತ್ತೇನೆ ಎಂದುಕೊಂಡೆ. ಹೆಚ್ಚುಕಡಿಮೆ ಒಂದೂವರೆ ತಿಂಗಳು ಬಾಯಿ ಹೊಲಿದುಕೊಂಡಿದ್ದೆ. ಅಷ್ಟರಲ್ಲಿ ಅವಳ ಕಾಲು ಬಾತು ಕಾಲುಂಗುರ ಕತ್ತರಿಸಬೇಕಾಯಿತು. ತುಟಿ, ಉಗುರು, ನಾಲಗೆ ಎಲ್ಲ ಬಿಳಿ. "ಬಸರಿ ಬಾವು, ಹಡದ ಮ್ಯಾಲ ಇಳಿತೈತಿ" ಎಂದು ಅತ್ತೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದರು. ನನಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿತ್ತು, ಸುಮ್ಮನಿದ್ದೆ.

ಹೆರಿಗೆಗೆ ತವರಿಗೆ ಕರೆದೊಯ್ಯಲು ಶಿಗ್ಗಾವಿಯಿಂದ ಅವಳ ಅಣ್ಣ ಬಂಡಿ ತಂದ. ಬಂಡಿ ಹತ್ತಿಸಲು ಅವಳ ರಟ್ಟೆ ಹಿಡಿದವಳು ನಾನು. ಒಂದು ಕಾಲು ಮೇಲಿಟ್ಟವಳು ಹಾಗೇ ನನ್ನ ಮೈಮೇಲೆ ಕುಸಿದಳು. ಆ ಮೈಗೆ ಭಾರವೇ ಇರಲಿಲ್ಲ. ಎದೆ ನಾಯಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಇವಳು ದಾರಿಯಲ್ಲೇ ಸಾಯುತ್ತಾಳೆ, ಮತ್ತು ಅದು ಬಸಿರಲ್ಲವೆಂದು ಗೊತ್ತಿದ್ದೂ ಸುಮ್ಮನಿದ್ದವಳು ನಾನೊಬ್ಬಳೇ ಎಂದು ಆಗ ಹೊಳೆಯಿತು. ದಯೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಬಂತು.

"ಬಂಡಿ ಶಿಗ್ಗಾವಿಗೆ ಬ್ಯಾಡ, ಸವಣೂರ ದವಾಖಾನಿಗೆ ಹೊಡೀರಿ!" ಎಂದು ಕೂಗಿದೆ. "ಇಕಿ ಬಸರಿ ಅಲ್ಲ. ಒಳಗ ಕೂಸಿಲ್ಲ!"

ಅತ್ತೆ ಬಂದು ನನ್ನ ಕೆನ್ನೆಗೆ ಹೊಡೆದರು. "ನಿನ್ನ ಬಾಯಾಗ ಹುಳಾ ಬೀಳ್ಲಿ! ಬಂಜಿ, ತುಂಬಿದ ಹೊಟ್ಟಿ ನೋಡಿ ಹಿಂಗ ಅಂತಿಯೇನ?"

ಬಂಡಿಯ ಗಾಲಿಗೆ ಒರಗಿದ್ದ ನೀಲವ್ವ ಕಣ್ಣು ತೆರೆಯದೆಯೇ ಹೇಳಿದಳು. "ಅಕ್ಕ ಹೇಳೂದು ಖರೆ ಐತ್ರಿ ಅತ್ತಿ."

ಸವಣೂರಿನ ದವಾಖಾನೆಯಲ್ಲಿ ನರ್ಸಬಾಯಿ ಮೊದಲು ಹೊಟ್ಟೆ ಮುಟ್ಟಿ ನೋಡಿ ಕೂಸಿಲ್ಲವೆಂದು ತಲೆಯಾಡಿಸಿದರು. ಡಾಕ್ಟರರು ರೆಪ್ಪೆ ಬಿಡಿಸಿ ನೋಡಿ, "ಎಲಿತೋಟದಾಗ ದುಡೀತಾಳೇನು?" ಎಂದು ಕೇಳಿದರು. ನನಗೆ ಆಶ್ಚರ್ಯ. "ಬರಿಗಾಲಲೆ?" ಎಂದರು. "ಕಾಲಬೆರಳ ಸಂದ್ಯಾಗ ಗುಳ್ಳಿ, ತುರಿಕಿ ಆಗಿತ್ತೇನು ಹ್ವಾದ ಮಳಿಗಾಲಕ್ಕ?" ಕಂಬಕ್ಕೆ ಪಾದ ತಿಕ್ಕುತ್ತಿದ್ದ ಹುಡುಗಿ ನನ್ನ ಕಣ್ಣಮುಂದೆ ಬಂದಳು. ಹೌದೆಂದು ತಲೆಯಾಡಿಸಿದೆ. ಮಲ ತರಿಸಿ ದುರ್ಬೀನಿನಂಥ ಯಂತ್ರದಲ್ಲಿ ನೋಡಿ ಬಂದು ಅವರೇ ತಿಳಿಸಿ ಹೇಳಿದರು. ಹೊರಕಡೆಗೆ ಕೂತ ಜಾಗದ ಹಸಿ ಮಣ್ಣಿನಲ್ಲಿ ಕೊಕ್ಕೆಹುಳದ ತತ್ತಿ ಒಡೆದು ಮರಿಯಾಗುತ್ತವೆ, ಬರಿಗಾಲಿನ ಚರ್ಮ ಕೊರೆದು ಮೈಯೊಳಗೆ ಸೇರುತ್ತವೆ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಮುಟ್ಟು ನಿಂತದ್ದು ಮೈಯಲ್ಲಿ ರಕ್ತವೇ ಇಲ್ಲದ್ದಕ್ಕೆ, ಮಣ್ಣು ತಿಂದದ್ದೂ ಅದಕ್ಕೇ, ಹೊಟ್ಟೆ, ಕಾಲು ಬಾತದ್ದು ನೀರು ತುಂಬಿ. ಹುಳವೆಂದರೆ ನಮಗೆ ಗೊತ್ತಿದ್ದದ್ದು ಮಕ್ಕಳ ಜಂತುಹುಳ. ಮುತ್ತಲದ ಬೀಜ ಅರೆದು ಬೆಲ್ಲದಲ್ಲಿ ಕೊಟ್ಟರೆ ಮುಗಿಯಿತು. ಹುಳ ಕಾಲಿನಿಂದ ಹತ್ತಿ ಬೆಳೆದ ಹೆಂಗಸನ್ನು ಒಳಗೇ ಕುಡಿಯುತ್ತದೆಂದು ಯಾರು ಕೇಳಿದ್ದರು?

ಮೊದಲು ಕೆಲವು ವಾರ ಕಬ್ಬಿಣದ ಔಷಧ ಕೊಟ್ಟರು, ಅವಳ ಹಲ್ಲೆಲ್ಲ ಕಪ್ಪಾದವು. ಸ್ವಲ್ಪ ಚೇತರಿಸಿಕೊಂಡ ಮೇಲೆ ಹುಳದ ಔಷಧದ ದಿನ ಬಂತು. ಬಿಳಿ ಹರಳಿನಂಥ ಪುಡಿ, ಬಿಚ್ಚಿದರೆ ದವಾಖಾನೆಯೆಲ್ಲ ಅಜವಾನದ ವಾಸನೆ. ಡಾಕ್ಟರರು ನನ್ನನ್ನು ಕರೆದು ಬೆರಳೆತ್ತಿ ಹೇಳಿದರು. "ಇವತ್ತ ತುಪ್ಪ, ಎಣ್ಣಿ, ಬೆಣ್ಣಿ ಒಂದ ಹನಿನೂ ಇಕಿ ಹೊಟ್ಟ್ಯಾಗ ಹೋಗಬಾರದು. ಹೋದ್ರ ಈ ಔಷಧನ ವಿಷ ಆಗತೈತಿ. ತಿಳೀತಿಲ್ಲೋ?"

ಅವರು ಯಾವುದೋ ಹಳ್ಳಿಗೆ ಹೊರಟುಹೋದರು. ಮಧ್ಯಾಹ್ನ ಅತ್ತೆ ಊರಿಂದ ಬುತ್ತಿ ತಂದರು. ಬಿಚ್ಚಿದರೆ ಗೋದಿ ಸಜ್ಜಕ, ಮೇಲೆ ತುಪ್ಪ ತೇಲುತ್ತಿದೆ. "ಬಾ ನನ್ನವ್ವಾ, ನಾಲ್ಕ ತುತ್ತು ಉಣ್ಣು" ಎಂದು ನೀಲವ್ವನ ತಲೆ ಎತ್ತಿದರು. ನಾನು ಬಟ್ಟಲಿಗೆ ಕೈ ಅಡ್ಡ ಹಿಡಿದು, "ಬ್ಯಾಡ್ರಿ ಅತ್ತಿ, ಇವತ್ತ ತುಪ್ಪ ಕೊಡಬಾರದಂತ" ಎಂದೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೋಡ್ರಿ ಇಕಿನ್ನ! ಇಕಿ ಹೊಟ್ಟಿಕಿಚ್ಚಿಗೆ ಊರ ಸಾಕ್ಷಿ ಐತಿ. ಸಾಯೂ ಹುಡುಗಿ ಬಾಯಾಗಿನ ತುಪ್ಪನೂ ಕಸಗೊಳ್ಳತಿಯೇನ?"

ಜಗುಲಿಯಲ್ಲಿ ಮಲಗಿದ್ದ ರೋಗಿಗಳೆಲ್ಲ ಎದ್ದು ಕುಳಿತು ನೋಡಿದರು. ನನ್ನ ಮಾತನ್ನು ಯಾರು ನಂಬಬೇಕು? ಒಂದು ವರ್ಷ ನಾನು ಮಾಡಿದ್ದು ಅದನ್ನೇ, ಅವಳ ಮುಂದಿನ ತುಪ್ಪವನ್ನು ಕಣ್ಣಲ್ಲೇ ನೆಕ್ಕುವುದು. ಅತ್ತೆಯ ಕೈಯ ತುತ್ತು ಆಗಲೇ ನೀಲವ್ವನ ತುಟಿಯ ಹತ್ತಿರ ಹೋಗಿತ್ತು. ನನಗೆ ಬೇರೇನೂ ತೋಚಲಿಲ್ಲ. ಆ ಕೈಯಿಂದ ತುತ್ತು ಕಿತ್ತು ನನ್ನ ಬಾಯಿಗೆ ಹಾಕಿಕೊಂಡೆ. ಬಟ್ಟಲು ಎತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕುಳಿತು, ಎಲ್ಲರೆದುರಿಗೆ, ಒಂದು ಕಾಳೂ ಉಳಿಯದಂತೆ ಗಬಗಬ ತಿಂದೆ. ತಳವನ್ನೂ ಬೆರಳಿಂದ ಬಳಿದು ನೆಕ್ಕಿದೆ. ಒಬ್ಬ ಮುದುಕ ಕ್ಯಾಕರಿಸಿ ಉಗಿದ. ಅತ್ತೆ ಎದೆ ಬಡಿದುಕೊಂಡು ಅತ್ತರು. ಸಂಜೆ ಡಾಕ್ಟರರು ಬಂದು, ಆ ತುಪ್ಪ ಹೋಗಿದ್ದರೆ ಈ ಹೊತ್ತಿಗೆ ಹೆಣ ಕಟ್ಟಬೇಕಾಗುತ್ತಿತ್ತೆಂದು ಗದರಿಸಿದ ಮೇಲೆ ಅವರ ಅಳು ನಿಂತಿತು.

ಜುಲಾಬು ಕೊಟ್ಟ ಮೇಲೆ ಮೂರು ದಿನ ಅವಳ ಮಲವನ್ನು ತೆಳು ಅರಿವೆಯಲ್ಲಿ ಹಾಕಿ ನೀರು ಬಿಟ್ಟು ತೊಳೆದು ಹುಳ ತೆಗೆದು ತೋರಿಸಬೇಕಿತ್ತು. ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ನಾನೇ ಮಾಡಿದೆ. ಮುರಿದ ಶ್ಯಾವಿಗೆಯ ಚೂರಿನಂಥ ಬಿಳಿ ಹುಳ, ಬೊಗಸೆಯಷ್ಟು. ಈ ಇಷ್ಟಿಷ್ಟೇ ಚೂರುಗಳನ್ನು ಕೂಸೆಂದು ತಿಳಿದು ಆರು ತಿಂಗಳು ಉರಿದೆನಲ್ಲ ಎಂದು ನಗು ಬಂತು, ಆಮೇಲೆ ಆ ನೀರಿನ ತೊಟ್ಟಿಯ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ. ಡಾಕ್ಟರರು ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಿದಾಗ ನನ್ನಲ್ಲೂ ಒಂದಿಷ್ಟು ಇದ್ದವು, ಅತ್ತೆಯಲ್ಲೂ ಇದ್ದವು. ಅತ್ತೆಗೆ ಅದು ದೊಡ್ಡ ಅವಮಾನವಾಯಿತು.

ಊರಿನಲ್ಲಿ ನೀಲವ್ವನ ಬಸಿರು ಇಳಿಯಿತೆಂದು ಹೇಳಿ ಮರ್ಯಾದೆ ಉಳಿಸಿಕೊಂಡೆವು. ನಮ್ಮವರು ತೋಟದಿಂದ ದೂರ ಕುಣಿ ತೋಡಿ ತಟ್ಟಿ ಕಟ್ಟಿ, ಬೇಲಿಯ ಮರೆಗೆ ಬರುವವರನ್ನು ಬೈದು ಓಡಿಸಹತ್ತಿದರು. ಮೆಟ್ಟಿನ ವಿಷಯಕ್ಕೆ ಮಾತ್ರ ಅತ್ತೆ ಜಗ್ಗಲಿಲ್ಲ. ಕೊನೆಗೆ, ತೊಗಲು ಮುಟ್ಟಬಾರದು ತಾನೇ, ಅಯ್ಯನವರು ಮೆಟ್ಟುವಂಥ ಕಟ್ಟಿಗೆಯ ಹಾವುಗೆ ಲಕ್ಷ್ಮಿಗೆ ನಡೆಯುತ್ತದೆ ಎಂದು ಒಪ್ಪಿದರು. ಬಡಿಗ ನಾಲ್ಕು ಜೊತೆ ಮಾಡಿಕೊಟ್ಟ. ಅವನ್ನು ಮೆಟ್ಟಿ ಕೆಸರಿನಲ್ಲಿ ನಾವು ಜಾರಿ ಬೀಳುವುದನ್ನು ನೋಡಲು ಊರ ಹುಡುಗಿಯರು ಬೇಲಿಗೆ ಬಂದು ನಿಲ್ಲುತ್ತಿದ್ದರು.

ಎರಡು ವರ್ಷಕ್ಕೆ ನೀಲವ್ವ ನಿಜವಾಗಿ ಬಸುರಾಗಿ ಗಂಡು ಹಡೆದಳು. ಈಗ ನಾನಿರುವುದು ಅವನ ಮನೆಯಲ್ಲೇ. ಅವನು ಹುಟ್ಟಿದಾಗಲೂ ನನಗೆ ಕಿಚ್ಚು ಬಂತು, ಇಲ್ಲವೆನ್ನಲಾರೆ. ಆದರೆ ಮನೆಗೆ ಯಾರೇ ಬರಲಿ, ಮದುವೆಯಿರಲಿ, ತೊಟ್ಟಿಲಿರಲಿ, ನೀಲವ್ವ ಒಂದೇ ಮಾತು ಹೇಳುತ್ತಿದ್ದಳು. "ನಮ್ಮಕ್ಕ ಒಂದೂವರಿ ತಿಂಗಳು ನನ್ನ ಗುಟ್ಟು ಹೊಟ್ಟ್ಯಾಗ ಇಟ್ಟುಕೊಂಡು ನನ್ನ ಮಾನ ಕಾಯ್ದಾಳ್ರಿ. ಜೀವಾನೂ ಅಕಿನ ಉಳಿಸ್ಯಾಳ." ಏನು ಗುಟ್ಟೆಂದು ಕೇಳಿದರೆ ನಕ್ಕುಬಿಡುತ್ತಿದ್ದಳು. ಕೇಳಿ ಕೇಳಿ ಅತ್ತೆಯೂ ನಂಬಿದರು. ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಹೊಗಳಿದಾಗೆಲ್ಲ ನಾನು ಏನಾದರೂ ಕೆಲಸ ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಜನ ಅದನ್ನು ವಿನಯ ಎನ್ನುತ್ತಿದ್ದರು.

ಅವಳು ತೀರಿಕೊಳ್ಳುವ ಹಿಂದಿನ ಬೇಸಿಗೆ, ಒಂದು ಮಧ್ಯಾಹ್ನ ಇಬ್ಬರೂ ಮುದುಕಿಯರು ಪುಂಡಿಪಲ್ಯ ಸೋಸುತ್ತ ಕುಳಿತಿದ್ದೆವು. ಇನ್ನು ತಡೆಯಲಾರೆ ಎನ್ನಿಸಿತು.

"ನೀಲಾ, ಆವಾಗ ನಾ ಸುಮ್ಮನಿದ್ದದ್ದು ನಿನ್ನ ಮಾನಕ್ಕಲ್ಲ" ಎಂದೆ.

ಅವಳು ಪಲ್ಯದಿಂದ ಕೈ ತೆಗೆಯಲಿಲ್ಲ. "ಗೊತ್ತೈತ್ರಿ ಅಕ್ಕಾ. ನಾ ಹೇಳಿದ ಗಳಿಗಿಗೆ ನಿಮ್ಮ ಮಾರಿ ನೋಡಿದ್ನೆಲ್ರಿ. ಕುಬಸದಾಗ ನಿಮ್ಮನ್ನ ಒಳಗ ಕಳಿಸಿದಾಗ ನನ್ನ ಮಾರೀನೂ ಹಂಗ ಆಗಿತ್ತು. ಒಳಗೊಳಗ ಹಿಗ್ಗಿದ್ದೆ."

"ಮತ್ತ ಎಲ್ಲಾರ ಮುಂದ ಹಂಗ ಯಾಕ ಹೇಳಿದಿ, ಇಷ್ಟು ವರ್ಷ?"

"ಖರೆ ಹೇಳಿದ್ರ ಆ ಮನ್ಯಾಗ ನಿಮ್ಮನ್ನ ಇರಗೊಡಸ್ತಿದ್ರೇನ್ರಿ?"

ಇಷ್ಟು ವರ್ಷ ಮಾನ ಕಾಯ್ದವಳು ಯಾರು, ಕಾಯಿಸಿಕೊಂಡವಳು ಯಾರು ಎಂದು ಆಗ ಅರ್ಥವಾಯಿತು. ಕೈಮುಗಿಯಬೇಕಿತ್ತು, ಅಪ್ಪಿಕೊಂಡು ಅಳಬೇಕಿತ್ತು. ಎರಡೂ ಆಗಲಿಲ್ಲ. ಇದರಲ್ಲೂ ಇವಳೇ ಮುಂದಾದಳಲ್ಲ ಎಂದು, ನಿಜ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯಿತು.